ಅರಳು, ಅಳ್ಳು, ಪಾಪ್‌ಕಾರ್ನ್

ಕಳೆದ ಶ್ರಾವಣದಲ್ಲಿ ನಮ್ಮ ಬಳಗದ ತಿಂಗಳ ಕೂಟದಲ್ಲಿ ಮಾತು ಎಲ್ಲಿಂದಲೋ ಹೊರಟು ನಾಗರ ಪಂಚಮಿಗೆ ಬಂದು ನಿಂತಿತು. ವಿಜಯಪುರದ ಕಡೆಯಿಂದ ಬಂದು ಮೂವತ್ತು ವರ್ಷಗಳಿಂದ ಮುಂಬೈಯಲ್ಲಿ ನೆಲೆಸಿರುವ ಹಿರಿಯರೊಬ್ಬರು, ಪಂಚಮಿಗೆ ಅಳ್ಳು ಹುರಿಯದ ಮನೆಯೂ ಒಂದು ಮನೆಯೇ ಎಂದು ಕೇಳಿದರು. ಮೈಸೂರು ಸೀಮೆಯವರಿಗೆ ಆ ಪದ ಕೂಡಲೇ ಹಿಡಿಯಲಿಲ್ಲ. ಯಾರೋ ‘ಅರಳು’ ಎಂದು ಬಿಡಿಸಿ ಹೇಳಿದಾಗ ಹಿಡಿಯಿತು. ಆದರೆ ಅವರು ಕಂಡ ಅರಳು ಭತ್ತದ್ದು, ವಿಜಯಪುರದವರದು ಬಿಳಿಜೋಳದ್ದು. ಇಷ್ಟನ್ನೂ ಪಕ್ಕದಲ್ಲಿ ಕುಳಿತು ಆಲಿಸುತ್ತಿದ್ದ ಶಾಲೆಯ ಹುಡುಗಿಯೊಬ್ಬಳು, “ಅಂದ್ರೆ ಪಾಪ್‌ಕಾರ್ನ್ ತಾನೆ ಅಜ್ಜಾ?” ಎಂದಳು. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೌದವಾ, ಅದನ. ಆದ್ರ ಅದಲ್ಲ” ಎಂದರು. ಎಲ್ಲರೂ ನಕ್ಕೆವು.

ಆ ಮಾತನ್ನು ನಾವು ನಕ್ಕು ಬಿಟ್ಟೆವಾದರೂ ಅದು ನಮ್ಮನ್ನು ಬಿಡಲಿಲ್ಲ. ಅದೇ ಹೌದು, ಆದರೆ ಅದಲ್ಲ ಎಂದರೆ ಯಾವುದು ಅದೇ, ಯಾವುದು ಅದಲ್ಲ? ಹೊರನಾಡಿನಲ್ಲಿರುವ ನಮಗೆ ಇದು ಕೇವಲ ತಿಂಡಿಯ ಪ್ರಶ್ನೆಯಲ್ಲ. ಮನೆಯಲ್ಲಿ ಒಂದು ಪದ ಮೆಲ್ಲಗೆ ಮರೆಯಾಗಿ, ಅದರ ಜಾಗದಲ್ಲಿ ಇನ್ನೊಂದು ಬಂದು ಕೂರುವುದನ್ನು ನಾವು ದಿನವೂ ನೋಡುತ್ತಿದ್ದೇವೆ. ಹಾಗೆ ಬಂದು ಕೂತ ಪದದ ಚರಿತ್ರೆಯನ್ನೂ ಎದ್ದು ಹೋಗುತ್ತಿರುವ ಪದದ ಚರಿತ್ರೆಯನ್ನೂ ಜೊತೆಯಲ್ಲಿಟ್ಟು ನೋಡೋಣವೆಂಬ ಆಸೆಯಿಂದ ಈ ಬರಹ ಹುಟ್ಟಿತು.

ಹುಲ್ಲಿನಿಂದ ತೆನೆಗೆ

ಮೊದಲು ಕಾಳಿನ ವಿಚಾರ. ಪಾಪ್‌ಕಾರ್ನ್ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಸಿನಿಮಾ ಮಂದಿರ, ಕಾಗದದ ಡಬ್ಬಿ, ಬೆಣ್ಣೆಯ ವಾಸನೆ. ಆದರೆ ಈ ತಿನಿಸು ಸಿನಿಮಾಕ್ಕಿಂತ ಮಾತ್ರವಲ್ಲ, ಅದಕ್ಕೆ ಈ ಹೆಸರಿಟ್ಟ ಇಂಗ್ಲಿಷ್ ಭಾಷೆಗಿಂತಲೂ ಹಳೆಯದು.

ಮೆಕ್ಕೆಜೋಳದ ತವರು ಇಂದಿನ ಮೆಕ್ಸಿಕೋ ದೇಶದ ನೈರುತ್ಯದಲ್ಲಿರುವ ಬಾಲ್ಸಾಸ್ ನದಿಯ ಕಣಿವೆ. ಸುಮಾರು 9000 ವರ್ಷಗಳ ಹಿಂದೆ ಅಲ್ಲಿನ ಜನ ಟಿಯೊಸಿಂಟೆ ಎಂಬ ಕಾಡುಹುಲ್ಲನ್ನು ಆರಿಸಿ, ಬಿತ್ತಿ, ಮತ್ತೆ ಆರಿಸಿ, ತಲೆಮಾರುಗಳ ತಾಳ್ಮೆಯಿಂದ ಅದನ್ನು ದೊಡ್ಡ ತೆನೆಯ ಬೆಳೆಯಾಗಿ ಮಾಡಿದರು. ಟಿಯೊಸಿಂಟೆಯ ಕದಿರಿನಲ್ಲಿ ಇರುವುದು ಐದರಿಂದ ಹನ್ನೆರಡು ಕಾಳು. ಒಂದೊಂದು ಕಾಳಿಗೂ ಕಲ್ಲಿನಂಥ ಕವಚ. ಇದೇ ಮೆಕ್ಕೆಜೋಳದ ಪೂರ್ವಜ ಎಂದರೆ ನೋಡಿದವರು ನಂಬಲಾರರು. ವಿಜ್ಞಾನಿಗಳಲ್ಲಿಯೂ ಅನೇಕರು ಬಹುಕಾಲ ನಂಬಲಿಲ್ಲ. ಇಷ್ಟು ಗಟ್ಟಿಯಾದ ಕಾಳನ್ನು ತಿನ್ನುವುದಾದರೂ ಹೇಗೆ, ತಿನ್ನಲಾಗದ್ದನ್ನು ಜನ ಬೆಳೆಸಿದ್ದಾದರೂ ಏಕೆ ಎಂಬುದು ಅವರ ಸಂದೇಹ. 1939ರಲ್ಲಿ ಜಾರ್ಜ್ ಬೀಡಲ್ ಎಂಬ ಅಮೆರಿಕದ ತಳಿವಿಜ್ಞಾನಿ ಇದಕ್ಕೆ ಬಹಳ ಸರಳವಾದ ಉತ್ತರವನ್ನು ಮುಂದಿಟ್ಟರು. ಅವರು ಟಿಯೊಸಿಂಟೆಯ ಕಾಳುಗಳನ್ನು ಕಾಯಿಸಿದರು. ಕವಚ ಒಡೆದು, ಒಳಗಿನದು ಬೆಳ್ಳಗೆ ಅರಳಿ ಹೊರಬಂದಿತು. ಹಲ್ಲಿಗೆ ಬಗ್ಗದ್ದು ಬೆಂಕಿಗೆ ಬಗ್ಗಿತ್ತು. ಟಿಯೊಸಿಂಟೆಯೇ ಮೆಕ್ಕೆಜೋಳದ ಮೂಲವೆಂಬ ಬೀಡಲ್ಲರ ವಾದವನ್ನು ಮುಂದಿನ ತಳಿಶಾಸ್ತ್ರದ ಸಂಶೋಧನೆಗಳು ಎತ್ತಿಹಿಡಿದವು. ಬೇರೊಂದು ಸಂಶೋಧನೆಗಾಗಿ 1958ರಲ್ಲಿ ನೊಬೆಲ್ ಪ್ರಶಸ್ತಿಯ ಪಾಲು ಪಡೆದ ಈ ವಿಜ್ಞಾನಿ ಜೀವನದ ಕೊನೆಯ ವರ್ಷಗಳಲ್ಲಿ ಮತ್ತೆ ಇದೇ ಹುಲ್ಲಿನ ಕಡೆಗೆ ಮರಳಿದರು.

ಮಣ್ಣು ಕೊಟ್ಟ ಸಾಕ್ಷ್ಯಗಳೂ ಇವೆ. 1948ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದಲ್ಲಿ ಬಾವಲಿಗಳ ಗವಿ ಎಂದೇ ಹೆಸರಾದ ಬ್ಯಾಟ್ ಕೇವ್‌ನಲ್ಲಿ ಅಗೆದಾಗ ಬೆರಳುದ್ದದ ಪುಟ್ಟ ತೆನೆಗಳೂ ಕೆಲವು ಅರಳಿದ ಕಾಳುಗಳೂ ದೊರೆತವು. ಅದಕ್ಕಿಂತ ಹಳೆಯ ಕುರುಹುಗಳು ದಕ್ಷಿಣ ಅಮೆರಿಕದಲ್ಲಿವೆ. ಪೆರು ದೇಶದ ಉತ್ತರ ಕಡಲತೀರದಲ್ಲಿರುವ ಪರೆಡೋನೆಸ್ ಮತ್ತು ಹುವಾಕಾ ಪ್ರಿಯೆಟಾ ಎಂಬ ದಿಬ್ಬಗಳಲ್ಲಿ ಸಿಕ್ಕ ದಿಂಡು, ಸಿಪ್ಪೆ, ದಂಟುಗಳ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಅತಿ ಹಳೆಯವು ಸುಮಾರು 6700 ವರ್ಷಗಳಷ್ಟು ಹಿಂದಿನವು. ಅಲ್ಲಿನ ಜನ ಜೋಳವನ್ನು ಹಲವು ಬಗೆಯಲ್ಲಿ ತಿನ್ನುತ್ತಿದ್ದರು, ಅರಳಿಸಿಯೂ ತಿನ್ನುತ್ತಿದ್ದರು ಎಂದು ಸಂಶೋಧಕರು ಕಂಡುಕೊಂಡರು. ಆ ನೆಲದಲ್ಲಿ ಆಗಿನ್ನೂ ಮಡಕೆ ಮಾಡುವ ವಿದ್ಯೆ ಬಂದಿರಲಿಲ್ಲ. ಕುಂಬಾರನ ತಿಗರಿಗಿಂತ ಮೊದಲೇ ಬೆಂಕಿಯ ಮುಂದೆ ಕಾಳು ಸಿಡಿದಿತ್ತು.

ಬೆಂಕಿಯ ಲೆಕ್ಕ

ಎಲ್ಲ ಕಾಳೂ ಅರಳುವುದಿಲ್ಲ. ಕುದಿಸಿ ತಿನ್ನುವ ಸಿಹಿ ಜೋಳವನ್ನು ಒಣಗಿಸಿ ಹುರಿದರೆ ಸೀಯುತ್ತದೆಯೇ ಹೊರತು ಹೂವಾಗುವುದಿಲ್ಲ. ಅರಳುವ ತಳಿಯ ಕಾಳು ಚಿಕ್ಕದು, ಗಟ್ಟಿ, ಅದರ ಹೊರಸಿಪ್ಪೆಯಲ್ಲಿ ಒಂದೂ ಬಿರುಕಿಲ್ಲ. ಒಳಗೆ ಪಿಷ್ಟ, ಪಿಷ್ಟದ ನಡುವೆ ತುಸು ನೀರು. ಕಾಳಿನ ತೂಕದಲ್ಲಿ ಹೆಚ್ಚುಕಡಿಮೆ 14 ಶೇಕಡಾ ನೀರಿದ್ದರೆ ಹದ. ಕಾಯಿಸಿದಾಗ ಆ ನೀರು ಆವಿಯಾಗುತ್ತದೆ. ಹೊರಹೋಗಲು ದಾರಿಯಿಲ್ಲದೆ ಒತ್ತಡ ಏರುತ್ತದೆ. ಪಿಷ್ಟ ಮೆತ್ತಗಾಗಿ ಗಂಜಿಯಂತಾಗುತ್ತದೆ. ಶಾಖ ಸುಮಾರು 180 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಸಿಪ್ಪೆ ಸೋಲುತ್ತದೆ. ಮೆತ್ತಗಾದ ಪಿಷ್ಟ ನೊರೆಯಂತೆ ಉಕ್ಕಿ, ಹೊರಗಿನ ತಂಪಿಗೆ ಅಲ್ಲಿಯೇ ಬಿಗಿದು ನಿಲ್ಲುತ್ತದೆ. 2015ರಲ್ಲಿ ಫ್ರಾನ್ಸಿನ ಇಬ್ಬರು ಸಂಶೋಧಕರು ಅತಿವೇಗದ ಕ್ಯಾಮೆರಾ ಮತ್ತು ಧ್ವನಿಗ್ರಾಹಕಗಳನ್ನಿಟ್ಟು ಈ ಕ್ಷಣವನ್ನು ಪರೀಕ್ಷಿಸಿದರು. ನಾವು ಕೇಳುವ ‘ಪಟ್’ ಎಂಬ ಸದ್ದು ಸಿಪ್ಪೆ ಒಡೆದದ್ದಲ್ಲ, ಸೆರೆಯಾಗಿದ್ದ ಆವಿ ಒಮ್ಮೆಗೇ ಹೊರಹಾರಿದ್ದು ಎಂಬುದು ಅವರ ತೀರ್ಮಾನ.

ಇದನ್ನು ಓದುವಾಗ ನಮಗೆ ನೆನಪಾದದ್ದು ಉತ್ತರ ಕರ್ನಾಟಕದ ಅಡುಗೆಮನೆ. ಪಂಚಮಿಯ ಮುನ್ನ ಜೋಳಕ್ಕೆ ನೀರು ತೋರಿಸಿ, ಬಸಿದು, ಬಟ್ಟೆಯಲ್ಲಿ ಕಟ್ಟಿ ಇಡುತ್ತಾರೆ. ಮೇಲಿನ ಪಸೆ ಆರಿದ ಮೇಲೆ, ಚೆನ್ನಾಗಿ ಕಾದ ಹಂಚಿಗೆ ಒಂದೊಂದೇ ಹಿಡಿ ಹಾಕಿ, ಅರಿವೆಯ ಉಂಡೆಯಿಂದ ಕೈಯಾಡಿಸುತ್ತಾರೆ. ನೀರು ಹೆಚ್ಚಾದರೆ ಜೋಳ ಬೇಯುತ್ತದೆ, ಕಡಿಮೆಯಾದರೆ ಸೀಯುತ್ತದೆ ಎಂಬುದು ಹುರಿಯುವವರಿಗೆ ಗೊತ್ತು. ಪ್ರಯೋಗಶಾಲೆ ಶೇಕಡಾವಾರಿನಲ್ಲಿ ಹೇಳಿದ್ದನ್ನೇ ನಮ್ಮ ಅವ್ವಂದಿರ ಅಂಗೈ ಬಲ್ಲದು. ಹಿರಿಯರು ‘ಅದನ’ ಎಂದದ್ದರಲ್ಲಿ ಅರ್ಥವಿತ್ತು. ಕಾಳು ಬೇರೆಯಾದರೂ ಅದರೊಳಗೆ ನಡೆಯುವುದು ಒಂದೇ.

ಹೂವು, ಆಲಿಕಲ್ಲು, ಪಾರಿವಾಳ

ಇನ್ನು ಹೆಸರುಗಳ ಮಾತು. ಮೆಕ್ಸಿಕೋದ ನಹುವಾಟ್ಲ್ ಭಾಷೆಯಲ್ಲಿ ಅರಳಿದ ಜೋಳಕ್ಕೆ ‘ಮೊಮೊಚಿಟ್ಲ್’ ಎಂಬ ಹೆಸರಿತ್ತು. ಇದನ್ನು ನಮಗೆ ಉಳಿಸಿಕೊಟ್ಟವರು ಬೆರ್ನಾರ್ಡಿನೋ ದೆ ಸಹಗುನ್ ಎಂಬ ಸ್ಪೇನಿನ ಪಾದ್ರಿ. 1529ರಲ್ಲಿ ಮೆಕ್ಸಿಕೋಗೆ ಬಂದ ಆತ ಅಲ್ಲಿನ ಭಾಷೆ ಕಲಿತು, ಸ್ಥಳೀಯ ಹಿರಿಯರನ್ನೂ ಅಕ್ಷರಸ್ಥ ತರುಣರನ್ನೂ ಜೊತೆಗಿಟ್ಟುಕೊಂಡು, ದಶಕಗಳ ಕಾಲ ಆ ಜನರ ಬದುಕನ್ನು ನಹುವಾಟ್ಲ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಬರೆಸಿದ. ಹನ್ನೆರಡು ಭಾಗಗಳ ಆ ಗ್ರಂಥ ಇಂದು ಫ್ಲಾರೆಂಟೈನ್ ಕೋಡೆಕ್ಸ್ ಎಂದು ಪ್ರಸಿದ್ಧವಾಗಿದೆ. ಹುರಿದಾಗ ಬಿರಿದು ಒಳಗಿನದನ್ನು ತೋರಿಸುವ ಈ ಕಾಳು ಬಿಳಿಯ ಹೂವಿನಂತೆ ಕಾಣುತ್ತದೆಂದೂ, ಜಲದೇವತೆಯ ಮುಂದೆ ಇದನ್ನು ಚೆಲ್ಲಿ ಇವು ಆಲಿಕಲ್ಲುಗಳೆಂದು ಭಾವಿಸುತ್ತಿದ್ದರೆಂದೂ ಅಲ್ಲಿ ದಾಖಲಾಗಿದೆ. ಹಬ್ಬದ ಕುಣಿತದಲ್ಲಿ ತರುಣಿಯರು ಅರಳಿದ ಜೋಳವನ್ನು ಪೋಣಿಸಿದ ಮಾಲೆಗಳನ್ನು ತೊಡುತ್ತಿದ್ದರು. ಆ ಜನರಿಗೆ ಅದು ತಿನಿಸಾಗಿತ್ತು, ಪೂಜೆಯ ವಸ್ತುವಾಗಿತ್ತು, ಮುಡಿಯುವ ಹೂವೂ ಆಗಿತ್ತು.

ದಕ್ಷಿಣ ಅಮೆರಿಕದಲ್ಲಿ ನೆಲೆಸಿದ್ದ ಬೆರ್ನಾಬೆ ಕೊಬೊ ಎಂಬ ಮತ್ತೊಬ್ಬ ಪಾದ್ರಿ, 17ನೆಯ ಶತಮಾನದಲ್ಲಿ ಪೆರುವಿನ ಜನ ಒಂದು ಬಗೆಯ ಜೋಳವನ್ನು ಸಿಡಿಯುವವರೆಗೆ ಹುರಿದು ಮಿಠಾಯಿಯಂತೆ ತಿನ್ನುವುದನ್ನು ಬರೆದಿಟ್ಟಿದ್ದಾನೆ. ಅವನು ಕೊಟ್ಟ ಹೆಸರು ‘ಪಿಸಂಕಾಲ್ಯ’. ಬೊಲಿವಿಯಾದಲ್ಲಿ ಸಿಹಿ ಹಚ್ಚಿದ ದೊಡ್ಡ ಅರಳಿಗೆ ಈ ಹೆಸರು ಇಂದಿಗೂ ಅಲ್ಪ ಬದಲಾವಣೆಯೊಡನೆ ಉಳಿದಿದೆ. ಬ್ರೆಜಿಲಿನ ‘ಪಿಪೋಕಾ’ ಎಂಬುದು ಟುಪಿ ಎಂಬ ಮೂಲನಿವಾಸಿ ಭಾಷೆಯಿಂದ ಪೋರ್ಚುಗೀಸಿಗೆ ಹೋದ ಪದ. ಸಿಪ್ಪೆ ಸಿಡಿದದ್ದು ಎಂಬುದು ಅದರ ಅರ್ಥ. ಸ್ಪ್ಯಾನಿಷ್ ಮಾತಾಡುವ ನಾಡುಗಳಲ್ಲಿ ಈ ಒಂದು ತಿನಿಸಿಗಿರುವ ಹೆಸರುಗಳನ್ನು ಲೆಕ್ಕ ಹಾಕುವುದೇ ಕಷ್ಟ. ಸ್ಪೇನ್ ಮತ್ತು ಮೆಕ್ಸಿಕೋಗಳಲ್ಲಿ ‘ಪಲೋಮಿತಾಸ್’, ಎಂದರೆ ಪುಟ್ಟ ಪಾರಿವಾಳಗಳು. ಚಿಲಿಯಲ್ಲಿ ‘ಕಬ್ರಿತಾಸ್’, ಎಂದರೆ ಆಡಿನ ಮರಿಗಳು. ನೆಗೆಯುವುದನ್ನು ಕಂಡು ಇಟ್ಟಂಥ ಹೆಸರು. ಪೆರುವಿನಲ್ಲಿ ಕೆಚುವಾ ಮೂಲದ ‘ಕಂಚಿತಾ’. ಅರ್ಜೆಂಟೀನಾದಲ್ಲಿ ‘ಪೊಚೊಕ್ಲೊ’, ಇಂಗ್ಲಿಷಿನ ‘ಪಾಪ್’ಗೂ ಜೋಳದ ಕೆಚುವಾ ಹೆಸರಿಗೂ ಆದ ಮದುವೆ.

ಈ ಪಟ್ಟಿಯನ್ನು ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಹೆಸರಿಟ್ಟವರು ಒಲೆಯ ಮುಂದೆ ಕೂತು ಏನನ್ನು ಗಮನಿಸಿದರೋ ಅದು ಹೆಸರಿನಲ್ಲಿ ಉಳಿದಿದೆ. ಕೆಲವರು ಸದ್ದನ್ನು ಕೇಳಿದರು, ಕೆಲವರು ನೆಗೆತವನ್ನು ನೋಡಿದರು, ಕೆಲವರು ಬಿಳಿಯ ರೂಪವನ್ನು ಕಂಡರು.

ಸದ್ದಿನ ಹೆಸರು

ಇಂಗ್ಲಿಷರು ಕೇಳಿದ್ದು ಸದ್ದನ್ನು. ‘ಪಾಪ್’ ಎಂಬುದು ನಮ್ಮ ‘ಪಟ್’, ‘ಚಟ್’ಗಳಂಥ ಅನುಕರಣ ಶಬ್ದ. ಸ್ವಾರಸ್ಯವಿರುವುದು ‘ಕಾರ್ನ್’ ಎಂಬ ಉತ್ತರಪದದಲ್ಲಿ. ಇಂಗ್ಲೆಂಡಿನಲ್ಲಿ ಆ ಪದಕ್ಕೆ ಮೆಕ್ಕೆಜೋಳವೆಂಬ ಅರ್ಥವೇ ಇರಲಿಲ್ಲ. ಅದರ ಅರ್ಥ ಧಾನ್ಯ, ಅಷ್ಟೆ. ಇಂಗ್ಲೆಂಡಿನಲ್ಲಿ ಅದು ಹೆಚ್ಚಾಗಿ ಗೋಧಿ, ಸ್ಕಾಟ್ಲೆಂಡಿನಲ್ಲಿ ಓಟ್ಸ್. ಊರಿನ ಮುಖ್ಯ ಧಾನ್ಯ ಯಾವುದೋ ಅದು. ಲ್ಯಾಟಿನ್ನಿನ ‘ಗ್ರಾನುಮ್’ ಇದರ ದಾಯಾದಿ. ಮಾಗು, ಹಳತಾಗು ಎಂಬರ್ಥದ ಮೂಲಧಾತುವಿನಿಂದ ಬಂದ ಈ ಪದಗಳಿಗೆ ಸಂಸ್ಕೃತದ ‘ಜೀರ್ಣ’ವೂ ನೆಂಟ ಎಂದು ಭಾಷಾವಿಜ್ಞಾನಿಗಳು ಗುರುತಿಸಿದ್ದಾರೆ. ಅಮೆರಿಕಕ್ಕೆ ಹೋದ ಇಂಗ್ಲಿಷರು ಅಲ್ಲಿನ ಧಾನ್ಯವನ್ನು ಇಂಡಿಯನ್ನರ ಧಾನ್ಯ ಎಂಬರ್ಥದಲ್ಲಿ ‘ಇಂಡಿಯನ್ ಕಾರ್ನ್’ ಎಂದರು. ಕಾಲ ಕಳೆದಂತೆ ‘ಇಂಡಿಯನ್’ ಉದುರಿತು, ‘ಕಾರ್ನ್’ ಉಳಿಯಿತು. ಬೆಳೆಸಿದ ಜನರ ಗುರುತು ಹೆಸರಿನಿಂದ ಬಿದ್ದುಹೋದದ್ದು ಹೀಗೆ. ‘ಮೇಯ್ಜ್’ ಎಂಬ ಇನ್ನೊಂದು ಪದ ಮಾತ್ರ ಕೆರಿಬಿಯನ್ ದ್ವೀಪಗಳ ಟೈನೋ ಜನರ ‘ಮಹಿಜ್’ ಎಂಬ ಮೂಲವನ್ನು ಇಂದಿಗೂ ಹೊತ್ತಿದೆ.

‘ಪಾಪ್ ಕಾರ್ನ್’ ಎಂಬ ಜೋಡಿ 19ನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಬರಹಗಳಲ್ಲಿ ಕಾಣಿಸಿಕೊಳ್ಳುತ್ತದೆ. ಜಾನ್ ರಸೆಲ್ ಬಾರ್ಟ್ಲೆಟ್ 1848ರಲ್ಲಿ ಪ್ರಕಟಿಸಿದ ಅಮೆರಿಕನ್ ಪದಗಳ ಕೋಶದಲ್ಲಿ ಅದಕ್ಕೆ ಸ್ಥಾನ ಸಿಕ್ಕಿತು. ಮುಂದಿನದು ಯಂತ್ರಗಳ ಕಥೆ. ಷಿಕಾಗೋದ ಚಾರ್ಲ್ಸ್ ಕ್ರೆಟರ್ಸ್ ಹಬೆಯಿಂದ ನಡೆಯುವ, ಗಾಲಿಗಳ ಮೇಲೆ ತಳ್ಳಬಹುದಾದ ಯಂತ್ರವನ್ನು 1893ರ ಷಿಕಾಗೋ ವಿಶ್ವ ಮೇಳದಲ್ಲಿ ಜನರಿಗೆ ತೋರಿಸಿದ. ಸ್ವಾಮಿ ವಿವೇಕಾನಂದರು ಮಾತನಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದೂ ಅದೇ ಮೇಳದ ಅಂಗವಾಗಿ. ಮೊದಮೊದಲು ಸಿನಿಮಾ ಮಂದಿರಗಳವರು ನೆಲಹಾಸು ಹಾಳಾದೀತೆಂದು ಈ ತಿನಿಸನ್ನು ಒಳಗೆ ಬಿಡುತ್ತಿರಲಿಲ್ಲ. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಐದು ಹತ್ತು ಸೆಂಟಿಗೆ ಸಿಗುತ್ತಿದ್ದ ಪೊಟ್ಟಣ ಅವರನ್ನು ಮಣಿಸಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಕ್ಕರೆಗೆ ಪಡಿತರ ಬಂದು ಮಿಠಾಯಿ ಅಪರೂಪವಾದಾಗ ಅದು ಮಂದಿರಗಳಲ್ಲಿ ಭದ್ರವಾಗಿ ನೆಲೆಯೂರಿತು. ಅಲ್ಲಿಂದ ಸಿನಿಮಾದ ಜೊತೆಯಲ್ಲಿಯೇ ಹೆಸರು ಜಗತ್ತನ್ನು ಸುತ್ತಿತು.

ಹೆಸರಿನ ಜೊತೆಗೆ ಒಂದು ಕಟ್ಟುಕಥೆಯೂ ಬೆಳೆಯಿತು. 1621ರಲ್ಲಿ ಪ್ಲಿಮತ್ ಎಂಬಲ್ಲಿ ಇಂಗ್ಲಿಷ್ ವಲಸಿಗರು ಸುಗ್ಗಿಯ ಔತಣ ನಡೆಸಿದಾಗ ಸ್ಥಳೀಯ ಮುಖಂಡನ ತಮ್ಮ ಚರ್ಮದ ಚೀಲದಲ್ಲಿ ಅರಳಿದ ಜೋಳವನ್ನು ಕಾಣಿಕೆಯಾಗಿ ತಂದನೆಂಬುದು ಆ ಕಥೆ. ಔತಣವನ್ನು ಕಂಡವರು ಬರೆದ ದಾಖಲೆಗಳಲ್ಲಿ ಈ ಮಾತಿಲ್ಲ. 1889ರಲ್ಲಿ ಅಚ್ಚಾದ ಐತಿಹಾಸಿಕ ಕಾದಂಬರಿಯೊಂದು ಇದನ್ನು ಹರಡಿತು. ಆಮೇಲೆ ಅದು ಶಾಲೆಯ ಮಕ್ಕಳವರೆಗೂ ಚರಿತ್ರೆಯೆಂದೇ ತಲುಪಿತು. ಕಥೆ ಸಿಹಿಯಾಗಿದೆ. ಆದರೆ ಸಾವಿರಾರು ವರ್ಷ ದುಡಿದು ಒಂದು ಧಾನ್ಯವನ್ನು ರೂಪಿಸಿದ ಜನರನ್ನು ಅದು ಕಾಣಿಕೆ ಹೊತ್ತು ತಂದ ಅತಿಥಿಗಳನ್ನಾಗಿ ಮಾತ್ರ ತೋರಿಸುತ್ತದೆ.

ನಮ್ಮ ಕಿವಿ, ನಮ್ಮ ಕಣ್ಣು

ಈಗ ನಮ್ಮ ಕಡೆಗೆ ಬರೋಣ. ಕನ್ನಡದಲ್ಲಿ ‘ಅರಳು’ ಎಂಬುದು ಕ್ರಿಯೆಯೂ ಹೌದು, ವಸ್ತುವೂ ಹೌದು. ಹೂವು ಅರಳುತ್ತದೆ, ಮುಖ ಅರಳುತ್ತದೆ, ಹಂಚಿನ ಮೇಲೆ ಕಾಳೂ ಅರಳುತ್ತದೆ. ಹಾಗೆ ಅರಳಿದ್ದು ಅರಳು. ಹಳಗನ್ನಡದಲ್ಲಿ ‘ಅಲರ್’, ‘ಅರಲ್’ ಎಂಬ ರೂಪಗಳು ಹೂವನ್ನೂ ಹೂ ಬಿರಿಯುವುದನ್ನೂ ಸೂಚಿಸುತ್ತಿದ್ದವು. ಉತ್ತರ ಕರ್ನಾಟಕದ ‘ಅಳ್ಳು’ ಬೇರೆ ಪದವಲ್ಲ. ಹರಳು ‘ಹಳ್ಳು’ ಆದಂತೆ, ಕರುಳು ‘ಕಳ್ಳು’ ಆದಂತೆ, ಮರುಳ ‘ಮಳ್ಳ’ನಾದಂತೆ ಅರಳು ಅಲ್ಲಿ ಅಳ್ಳಾಯಿತು. ಆ ಅಳ್ಳನ್ನು ಬೀಸಿದರೆ ಅಳ್ಳಿಟ್ಟು. ಇದನ್ನು ಮಂಡಕ್ಕಿ, ಚುರುಮುರಿ, ಕಡಲೆಪುರಿಗಳ ಜೊತೆ ಬೆರೆಸಬಾರದು. ಅವು ಭತ್ತವನ್ನು ಬೇಯಿಸಿ ಮಾಡಿದ ಅಕ್ಕಿಯನ್ನು ಕಾದ ಮರಳಿನಲ್ಲಿ ಉಬ್ಬಿಸಿದವು. ಭತ್ತದ ಅರಳು ಹೊಟ್ಟಿನ ಸಮೇತ ಹುರಿದಾಗ ಹೊಟ್ಟನ್ನು ಸೀಳಿಕೊಂಡು ಹೊರಬರುವಂಥದು.

ನಮ್ಮ ಬಳಗದವರು ನೆಲೆಸಿರುವ ಊರುಗಳ ಭಾಷೆಗಳನ್ನು ಕೇಳಿದರೆ ಇದೇ ವಸ್ತುವಿಗೆ ಎಷ್ಟು ಹೆಸರು! ಪುಣೆ ಮುಂಬೈಗಳ ಮರಾಠಿಯಲ್ಲಿ ‘ಲಾಹ್ಯಾ’. ಅದು ಸಂಸ್ಕೃತದ ‘ಲಾಜ’ದಿಂದ ಬಂದದ್ದು. ಮದುವೆಯಲ್ಲಿ ಸೋದರನು ವಧುವಿನ ಬೊಗಸೆಗೆ ಅರಳನ್ನು ತುಂಬಿ, ಅವಳು ಅದನ್ನು ಅಗ್ನಿಗೆ ಅರ್ಪಿಸುವ ಲಾಜಾಹೋಮದಲ್ಲಿರುವುದು ಇದೇ ಲಾಜ. ನಾಗಪಂಚಮಿಗೆ ಅವರೂ ಜೋಳದ ಲಾಹ್ಯಾ ಮಾಡುತ್ತಾರೆ. ಅಳ್ಳಿನ ವಿಷಯದಲ್ಲಿ ವಿಜಯಪುರಕ್ಕೆ ಮೈಸೂರಿಗಿಂತ ಸೊಲ್ಲಾಪುರ ಹತ್ತಿರ. ಚೆನ್ನೈಯ ತಮಿಳಿನಲ್ಲಿ ‘ಪೊರಿ’, ಕಾರ್ತಿಗೈ ದೀಪದ ದಿನ ಭತ್ತದ ಪೊರಿ. ನಮ್ಮ ‘ಹುರಿ’ ಮತ್ತು ಕಡಲೆಪುರಿಯ ‘ಪುರಿ’ ಅದರ ಒಡಹುಟ್ಟುಗಳು. ಹೈದರಾಬಾದಿನ ತೆಲುಗಿನಲ್ಲಿ ‘ಪೇಲಾಲು’. ‘ಪೇಲು’ ಎಂದರೆ ಸಿಡಿ. ತೆಲುಗರು ಇಂಗ್ಲಿಷರಂತೆ ಸಿಡಿತವನ್ನು ಹಿಡಿದರು. ದೆಹಲಿಯ ಹಿಂದಿಯಲ್ಲಿ ದೀಪಾವಳಿಯ ಪೂಜೆಗೆ ‘ಖೀಲ್’. ಹೂ ಅರಳುವುದಕ್ಕೆ ಆ ಭಾಷೆಯಲ್ಲಿ ‘ಖಿಲ್‌ನಾ’. ಮಲಯಾಳದಲ್ಲಿ ಭತ್ತದ ಅರಳಿಗೆ ‘ಮಲರ್’, ಹೂವಿಗೂ ಮಲರ್.

ಕನ್ನಡದ ಅರಳು, ಮಲಯಾಳದ ಮಲರ್, ಹಿಂದಿಯ ಖೀಲ್, ಇವುಗಳನ್ನು ಮೆಕ್ಸಿಕೋದ ಹಿರಿಯರು ಸಹಗುನ್‌ಗೆ ಹೇಳಿದ ಬಿಳಿ ಹೂವಿನ ಪಕ್ಕದಲ್ಲಿಟ್ಟು ನೋಡಿದಾಗ ನಾವು ಕ್ಷಣಕಾಲ ಮೂಕರಾದೆವು. ಎರಡು ಸಾಗರಗಳಾಚೆಯ, ಒಬ್ಬರಿಗೊಬ್ಬರ ಸುಳಿವೇ ಇಲ್ಲದ ಜನ ಬೇರೆ ಬೇರೆ ಕಾಳನ್ನು ಬೆಂಕಿಗೆ ಒಡ್ಡಿ ಒಂದೇ ಹೋಲಿಕೆಯನ್ನು ಕಂಡರು. 1842ರ ಜನವರಿಯ ಒಂದು ರಾತ್ರಿ ಜೋಳ ಹುರಿದ ಅಮೆರಿಕದ ಲೇಖಕ ಥೋರೋ ಕೂಡ ದಿನಚರಿಯಲ್ಲಿ ಅದನ್ನು ಚಳಿಗಾಲದ ಹೂವಿಗೆ ಹೋಲಿಸಿದ. ಆತನ ಭಾಷೆಗೆ ಆ ಹೋಲಿಕೆಯನ್ನು ಹೊಸದಾಗಿ ಕಟ್ಟಬೇಕಾಯಿತು. ನಮ್ಮ ಭಾಷೆಯಲ್ಲಿ ಅದು ಪದದೊಳಗೇ ಇದೆ.

ಸೋಮನಾಥಪುರದ ತೆನೆ

ಇಲ್ಲಿಗೆ ಬಂದಾಗ ಒಂದು ಆಸೆ ತಲೆಯೆತ್ತುತ್ತದೆ. ಪದ ಇಷ್ಟು ಹಳೆಯದಾದರೆ ಕಾಳೂ ನಮ್ಮದೇ ಇರಬಹುದಲ್ಲವೆ? ಈ ಆಸೆಗೆ ಕರ್ನಾಟಕದಲ್ಲಿಯೇ ಒಂದು ಪ್ರಸಿದ್ಧ ಆಧಾರವೂ ಒದಗಿತ್ತು. 13ನೆಯ ಶತಮಾನದಲ್ಲಿ ಹೊಯ್ಸಳರ ದಂಡನಾಯಕ ಸೋಮನಾಥ ಕಟ್ಟಿಸಿದ ಸೋಮನಾಥಪುರದ ಕೇಶವ ದೇವಾಲಯದ ಹೊರಗೋಡೆಯಲ್ಲಿ ಕೆಲವು ಮೂರ್ತಿಗಳ ಕೈಯಲ್ಲಿ ಸಾಲುಸಾಲು ಮಣಿಗಳಿರುವ ನೀಳವಾದ ವಸ್ತುವೊಂದಿದೆ. 1989ರಲ್ಲಿ ಕಾರ್ಲ್ ಜೊಹಾನೆಸೆನ್ ಮತ್ತು ಆನ್ ಪಾರ್ಕರ್ ಎಂಬ ಅಮೆರಿಕದ ವಿದ್ವಾಂಸರು ಇವು ಮೆಕ್ಕೆಜೋಳದ ತೆನೆಗಳೇ ಎಂದು ವಾದಿಸಿದರು. ಹಾಗಾದರೆ ಕೊಲಂಬಸನಿಗಿಂತ ಶತಮಾನಗಳ ಮೊದಲೇ ಈ ಬೆಳೆ ಭಾರತದಲ್ಲಿತ್ತು ಎಂದಾಗುತ್ತದೆ. 1993ರಲ್ಲಿ ಭಾರತದ ಮೆಕ್ಕೆಜೋಳ ತಜ್ಞರಾದ ಪಾಯಕ್ ಮತ್ತು ಸಚನ್ ಅದೇ ಪತ್ರಿಕೆಯಲ್ಲಿ ಉತ್ತರ ಬರೆದರು. ಅವು ತೆನೆಗಳಲ್ಲ, ಮುತ್ತುಗಳಿಂದ ಅಲಂಕೃತವಾದ ‘ಮುಕ್ತಾಫಲ’ವೆಂಬ ಕಲ್ಪಿತ ಫಲ ಎಂಬುದು ಅವರ ವಾದ.

ನಮ್ಮ ಒಲವು ಈ ಉತ್ತರದ ಕಡೆಗೆ. ಕಲ್ಲಿನಲ್ಲಿ ಹೋಲಿಕೆ ಕಂಡರೆ ಸಾಲದು, ಮಣ್ಣಿನಲ್ಲಿ ಕಾಳು ಸಿಗಬೇಕು. ಪೆರುವಿನ ದಿಬ್ಬಗಳು ಕೊಟ್ಟಂಥ ದಿಂಡು ಸಿಪ್ಪೆಗಳನ್ನು ಹೊಯ್ಸಳ ನಾಡಿನ ನೆಲ ಕೊಟ್ಟಿಲ್ಲ. ಮೆಕ್ಕೆಜೋಳ 16ನೆಯ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ಭಾರತಕ್ಕೆ ಬಂದಿತೆಂಬುದೇ ವಿದ್ವಾಂಸರಲ್ಲಿ ಹೆಚ್ಚಿನವರು ಒಪ್ಪುವ ಮಾತು. ಪ್ಲಿಮತ್ತಿನ ಕಟ್ಟುಕಥೆಯನ್ನು ಕಂಡು ನಗುವ ನಾವು ನಮಗೆ ಸಿಹಿಯಾದ ಕಥೆಯೆದುರಿಗೆ ಅದೇ ಅಳತೆಗೋಲನ್ನು ಹಿಡಿಯಬೇಕಲ್ಲವೆ? ದೇವಾಲಯದ ಚೆಲುವಿಗೆ ಇದರಿಂದ ಕುಂದೇನೂ ಇಲ್ಲ. ಬೇರೆಯವರು ಒಂಬತ್ತು ಸಾವಿರ ವರ್ಷ ಸಾಕಿದ ಬೆಳೆಯನ್ನು ನಮ್ಮದೆಂದು ಬರೆದುಕೊಂಡರೆ ಮಾತ್ರ ನಮ್ಮ ಮಾತಿಗೆ ಕುಂದು.

ನಮ್ಮ ಹಿರಿಯರು ಈ ಹೊಸ ಧಾನ್ಯವನ್ನು ಬರಮಾಡಿಕೊಂಡ ರೀತಿಯಲ್ಲಿ ಅಂಥ ಸುಳ್ಳಿಲ್ಲ. ಇಂಗ್ಲಿಷರು ತಮ್ಮ ‘ಕಾರ್ನ್’ಗೆ ‘ಇಂಡಿಯನ್’ ಸೇರಿಸಿದಂತೆ ಅವರು ತಮಗೆ ಗೊತ್ತಿದ್ದ ಜೋಳಕ್ಕೆ ಒಂದೊಂದು ವಿಶೇಷಣ ಸೇರಿಸಿ ಮೆಕ್ಕೆಜ��ೋಳ, ಗೋವಿನಜೋಳ, ಮುಸುಕಿನ ಜೋಳ ಎಂದರು. ತೆನೆಯ ಮೇಲಿನ ಸಿಪ್ಪೆಯನ್ನು ಮುಸುಕೆಂದು ಕಂಡವರ ಕಣ್ಣು ದೊಡ್ಡದು. ಬಂದವಳು ಹೊಸಬಳು ಎಂಬುದನ್ನು ಹೆಸರೇ ಹೇಳುತ್ತದೆ, ಅವಳನ್ನು ಮನೆಯೊಳಗೆ ಕರೆದದ್ದನ್ನೂ ಹೇಳುತ್ತದೆ. ಜೋಳವೂ ಒಂದು ಕಾಲದಲ್ಲಿ ಹೊಸಬನೇ. ಆಫ್ರಿಕಾದ ಸುಡಾನ್ ಸೀಮೆಯಲ್ಲಿ ಪಳಗಿದ ಆ ಬೆಳೆ ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಭಾರತವನ್ನು ತಲುಪಿತು. ಪಂಚಮಿಯ ತಟ್ಟೆಯನ್ನೇ ನೋಡೋಣ. ಅದರಲ್ಲಿರುವ ಅಳ್ಳಿನ ಜೋಳ ಆಫ್ರಿಕಾದ್ದು, ಶೇಂಗಾ ಉಂಡಿಯ ಶೇಂಗಾ ದಕ್ಷಿಣ ಅಮೆರಿಕದ್ದು, ಎಳ್ಳುಂಡಿಯ ಎಳ್ಳು ಭಾರತದ್ದು. ತಟ್ಟೆ ಮಾತ್ರ ಅವ್ವನದು.

ಈಗ ಹಿರಿಯರ ಮಾತಿಗೆ ಮರಳಬಹುದು. ಬೆಂಕಿ ಅದೇ, ನೀರಿನ ಹದ ಅದೇ, ಬಿರಿಯುವ ಕ್ಷಣ ಅದೇ. ಕಾಳು ಅದಲ್ಲ, ಊರು ಅದಲ್ಲ, ಅದರ ಹಿಂದೆ ದುಡಿದವರು ಅವರಲ್ಲ. ಕಾಳಿನ ಋಣ ಬಾಲ್ಸಾಸ್ ಕಣಿವೆಯ ಹೆಸರಿಲ್ಲದ ರೈತರಿಗೆ ಸಲ್ಲಬೇಕು. ಪದ ನಮ್ಮದು, ಅದನ್ನು ಆಡುವ ಹೊಣೆಯೂ ನಮ್ಮದು. ಪಾಪ್‌ಕಾರ್ನ್ ಎಂಬ ಪದವನ್ನು ಯಾರೂ ಬಿಡಬೇಕಿಲ್ಲ. ಸಿನಿಮಾ ಮಂದಿರದಲ್ಲಿ ಅರಳು ಕೊಡಿ ಎಂದರೆ ಮಾರುವವನಿಗೆ ತಿಳಿಯಲಿಕ್ಕಿಲ್ಲ. ಆದರೆ ಮನೆಯ ಒಲೆಯ ಮೇಲೆ ಮುಚ್ಚಳದೊಳಗೆ ಚಟಪಟ ಸದ್ದು ಎದ್ದಾಗ, ಮಕ್ಕಳು ಹತ್ತಿರ ಓಡಿ ಬಂದಾಗ, ಅದು ಸಿಡಿಯುತ್ತಿದೆ ಎನ್ನುವ ಬದಲು ಅರಳುತ್ತಿದೆ ಎನ್ನಬಹುದು. ಅಷ್ಟು ಹೇಳಿದರೂ ಒಂದು ಪದ ಇನ್ನೊಂದು ತಲೆಮಾರಿಗೆ ದಾಟೀತು.

ಆ ಕೂಟದ ಹುಡುಗಿ ಮುಂದಿನ ತಿಂಗಳು ತಾಯಿಯೊಡನೆ ಬಂದಾಗ ಒಂದು ಡಬ್ಬಿ ತಂದಿದ್ದಳು. ಒಳಗೆ ಜೋಳದ ಅಳ್ಳು. ಅರ್ಧಕ್ಕರ್ಧ ಅರಳಿರಲಿಲ್ಲ, ಕೆಲವು ಸೀದಿದ್ದವು. ಹಿರಿಯರು ಒಂದು ಹಿಡಿ ಬಾಯಿಗೆ ಹಾಕಿಕೊಂಡು, “ನೀರು ಕಡಿಮಿ ಆಗೇದವಾ, ಮುಂದಿನ ವರ್ಷ ನಾ ತೋರಸ್ತೀನಿ” ಎಂದರು.